ಸುರಂಗ ಮುಚ್ಚಿದ ಚಳಿಗಾಲ

ಫೆಬ್ರವರಿ ಮೊದಲ ವಾರ ಗುಡ್ಡದಿಂದ ಬಂಡೆಗಳು ಉರುಳಿ ಸುರಂಗದ ಬಾಯಿಗೆ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. ರಸ್ತೆ ಇಲಾಖೆಯವರು ಬಂದು, ಮೇಲೆ ನೋಡಿ, ತಲೆ ಅಲ್ಲಾಡಿಸಿ, ಮೇ ತಿಂಗಳವರೆಗೆ ಬಂದ್ ಎಂದು ಫಲಕ ನೆಟ್ಟು ಹೋದರು. ರಾಗ್ನಾಳಿಗೆ ಮನೆಯಿಂದ ಚರ್ಚಿಗೆ ಸುರಂಗದಲ್ಲಿ ಹನ್ನೆರಡು ನಿಮಿಷದ ದಾರಿಯಿತ್ತು. ಈಗ ಗುಡ್ಡದ ಮೇಲಿನ ಹಳೆಯ ರಸ್ತೆ ಹಿಡಿದು ಗುಡ್ಡಗಳ ನಡುವೆ ಒಳನುಗ್ಗಿದ ಕಡಲನ್ನು, ಆ ಫಿಯೊರ್ಡನ್ನು, ಸುತ್ತಿ ಬರಬೇಕು. ಹವಾ ಚೆನ್ನಾಗಿದ್ದರೆ ಐವತ್ತು ನಿಮಿಷ.

ಅರವತ್ತಾರರ ರಾಗ್ನಾ ಆ ಪುಟ್ಟ ಮರದ ಚರ್ಚನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದಳು. ಶನಿವಾರ ಹೋಗಿ ಹೀಟರ್ ಹಾಕುವುದು, ಬೆಂಚು ಒರೆಸುವುದು, ಮರುದಿನ ಹಾಡುವ ಹಾಡುಗಳ ಕ್ರಮಸಂಖ್ಯೆಗಳನ್ನು ಹಲಗೆಗೆ ಸಿಕ್ಕಿಸುವುದು. ಭಾನುವಾರ ಗಂಟೆ ಹೊಡೆಯುವುದು. ದೇವರೊಂದಿಗೆ ಅವಳ ಮಾತುಕತೆ ಬೇಲಿಯಾಚೆಯ ನೆರೆಯವನ ಜೊತೆ ಆಡಿದ ಹಾಗಿರುತ್ತಿತ್ತು, ಅದರಲ್ಲೂ ಹೆಚ್ಚಿನದು ದೂರು. ಆ ವಾರವಿಡೀ ಒಂದೇ ದೂರು: "ಬೀಳಿಸೋಕೆ ನಿನಗೆ ಬೇರೆ ಗುಡ್ಡ ಸಿಗಲಿಲ್ವಾ?"

ದಾರಿ ಉದ್ದವಾಯಿತೆಂದು ಅವಳು ಹೀಗೆ ಗೊಣಗುತ್ತಿರಲಿಲ್ಲ. ಹಳೆಯ ರಸ್ತೆಯ ಮೂರನೆಯ ತಿರುವಿನಲ್ಲಿ ಹಾಲ್ವರ್‌ನ ಹಳದಿ ಮನೆ ಇತ್ತು.

ಹಾಲ್ವರ್ ಮೂವತ್ತು ವರ್ಷ ಅದೇ ಚರ್ಚಿನಲ್ಲಿ ಆರ್ಗನ್ ನುಡಿಸಿದವನು. ರಾಗ್ನಾಳ ಗಂಡ ಟೋರ್ಲೈವ್‌ಗೆ ಚಡ್ಡಿ ಹಾಕುವ ಕಾಲದ ಗೆಳೆಯ; ಇಬ್ಬರೂ ಒಂದೇ ದೋಣಿಯಲ್ಲಿ ಮೀನು ಹಿಡಿದು ಬೆಳೆದವರು. ಹನ್ನೊಂದು ವರ್ಷದ ಹಿಂದೆ ಟೋರ್ಲೈವ್ ತೀರಿಕೊಂಡ. ಅಂತ್ಯಕ್ರಿಯೆಯ ದಿನ ಚರ್ಚು ತುಂಬಿತ್ತು, ಪೆಟ್ಟಿಗೆ ಮುಂದೆ ಇತ್ತು, ಆರ್ಗನ್ನಿನ ಆಸನ ಮಾತ್ರ ಖಾಲಿ. ಕಾದು ಕಾದು ಕೊನೆಗೆ ಜನ ಆರ್ಗನ್ ಇಲ್ಲದೆಯೇ, ಒಬ್ಬರ ಹಿಂದೊಬ್ಬರು ಎಳೆದುಕೊಂಡು ಹಾಡಿದರು. ಆ ವಾರವೇ ಹಾಲ್ವರ್ ಒಂದು ಸಾಲಿನ ರಾಜೀನಾಮೆ ಕಳಿಸಿದ. ರಾಗ್ನಾಳಿಗೆ ಒಂದು ಸಾಂತ್ವನದ ಮಾತಿಲ್ಲ. ಮಣ್ಣು ಮಾಡಿ ಬಂದ ಮೇಲೆ ಕಾಫಿ ಕುಡಿಯುತ್ತಿದ್ದ ಜನರ ನಡುವೆ ಅವಳು, "ಸತ್ತ ಗೆಳೆಯನಿಗೆ ಒಂದು ಹಾಡು ನುಡಿಸೋಕಾಗದ ಮನುಷ್ಯ ಬದುಕಿರೋರಿಗೆ ಯಾಕೆ ಬೇಕು" ಎಂದಿದ್ದಳು, ಎಲ್ಲರಿಗೂ ಕೇಳುವ ಹಾಗೆ. ಮರುವರ್ಷ ಸುರಂಗ ತೆರೆಯಿತು. ಆಮೇಲೆ ಆ ಮನೆಯ ಮುಂದೆ ಹಾಯುವ ಅಗತ್ಯವೇ ಬೀಳಲಿಲ್ಲ. ಭಾನುವಾರದ ಪ್ರಾರ್ಥನೆಯಲ್ಲಿ, ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎನ್ನುವ ಕ್ಷಮೆಯ ಸಾಲು ಬಂದಾಗಲೆಲ್ಲ ರಾಗ್ನಾ ಮೇಣದಬತ್ತಿ ಸರಿಮಾಡುವ ನೆಪದಲ್ಲಿ ಏಳುತ್ತಿದ್ದಳು.

ಬೇರೆ ಆರ್ಗನ್ ವಾದಕ ಸಿಗಲಿಲ್ಲ. ಈಗ ಪಾದ್ರಿ ಇಂಗ್ವಿಲ್ ಹಾಡಿನ ರಾಗ ನುಡಿಸುವ ಒಂದು ಯಂತ್ರದ ಗುಂಡಿ ಒತ್ತುತ್ತಿದ್ದಳು. ಅದು ಯಾರ ಉಸಿರಿಗೂ ಕಾಯುತ್ತಿರಲಿಲ್ಲ. ಬರುವವರೂ ಒಂಬತ್ತೇ ಜನ.

ಮೂರನೆಯ ಶನಿವಾರ ಮಧ್ಯಾಹ್ನ, ಬೀಳುವ ಮಳೆಯೇ ನೆಲದ ಮೇಲೆ ಗಾಜಿನಂತೆ ಹೆಪ್ಪುಗಟ್ಟುತ್ತಿದ್ದಾಗ, ರಾಗ್ನಾಳ ಕಾರು ಜಾರಿ ಹಿಮ ತುಂಬಿದ ಚರಂಡಿಗೆ ಇಳಿಯಿತು. ಫೋನಿಗೆ ಸಿಗ್ನಲ್ ಇಲ್ಲ. ತಲೆಯೆತ್ತಿದರೆ ಮುಂದೆಯೇ ಹಳದಿ ಮನೆ.

"ಇಷ್ಟುದ್ದ ರಸ್ತೆಯಲ್ಲಿ ಇಲ್ಲೇ ಬೀಳಿಸಬೇಕಿತ್ತಾ?" ಎಂದು ಅವಳು ದೇವರನ್ನು ಬೈಯುತ್ತಿರುವಾಗಲೇ ಟ್ರ್ಯಾಕ್ಟರಿನ ಸದ್ದು ಕೇಳಿಸಿತು.

"ಯಾರು, ರಾಗ್ನಾನಾ?" ಹಾಲ್ವರ್ ಬಗ್ಗಿ ಕಿಟಕಿಯಲ್ಲಿ ಇಣುಕಿದ.

"ಅಲ್ಲ, ಬಿಷಪ್ಪು. ಹಗ್ಗ ಕಟ್ಟು."

ಕಟ್ಟಲು ಅವನಿಂದ ಆಗಲಿಲ್ಲ. ಹಗ್ಗದ ತುದಿಯ ಕೊಕ್ಕೆ ಅವನ ಕೈಯಲ್ಲಿ ಕಾರಿಗೆ ಬಡಿಯುತ್ತಲೇ ಇತ್ತು. ಚಳಿಗಿರಬೇಕು ಎಂದುಕೊಂಡು ರಾಗ್ನಾ ತಾನೇ ಇಸಿದುಕೊಂಡು ಸಿಕ್ಕಿಸಿದಳು. ಕಾರು ಮೇಲೆ ಬಂತು. "ಕಾಫಿ ಇದೆ" ಎಂದ ಅವನು, ಅವಳ ಮುಖ ನೋಡದೆ. ಬೇಡವೆನ್ನಲು ಬಾಯಿ ತೆರೆದಳು. ಆದರೆ ಕಾಲು ನೆನೆದು ಮರಗಟ್ಟಿತ್ತು.

ಅಡುಗೆಮನೆಯಲ್ಲಿ ಅವನು ಅರ್ಧ ಲೋಟ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಆದರೂ ಮೇಜಿನ ಮೇಲೆಲ್ಲ ತುಳುಕಿತು. ಒಲೆ ಉರಿಯುತ್ತಿತ್ತು, ಒಳಗೆ ಚಳಿ ಇರಲಿಲ್ಲ.

"ಯಾವಾಗಿಂದ ಇದು?"

"ಟೋರ್ಲೈವ್ ತೀರಿಕೊಂಡ ವರ್ಷದಿಂದ." ಹಾಲ್ವರ್ ಮೇಜು ಒರೆಸುತ್ತ ನಿಂತ. "ಅವನನ್ನ ಮಣ್ಣು ಮಾಡೋ ಹಿಂದಿನ ದಿನ ಮೂರು ಸಲ ನುಡಿಸಿ ನೋಡಿದೆ. ಬೆರಳು ಒಂದರ ಮೇಲೊಂದು ಬೀಳ್ತಿತ್ತು. ಅವನ ಪೆಟ್ಟಿಗೆ ಮುಂದೆ ಆ ಗಲಾಟೆ ಮಾಡಲಾ? ಬಂದಿದ್ದೆ ಕಣೇ. ಚರ್ಚಿನ ಪಕ್ಕದ ದೋಣಿಮನೆ ಹತ್ರ ಗಾಡಿಯೊಳಗೆ ಕೂತಿದ್ದೆ. ನೀವೆಲ್ಲ ಹಾಡಿದ್ದು ಕೇಳಿಸ್ತು."

"ಬಾಯಿಬಿಟ್ಟು ಹೇಳಬಹುದಿತ್ತಲ್ಲೋ!"

"ಹೇಳಬಹುದಿತ್ತು. ಮೊದಲು ನಾಚಿಕೆ. ಆಮೇಲೆ ನೀನಾಡಿದ ಮಾತು ಕಿವಿಗೆ ಬಿತ್ತು. ಆಮೇಲೆ ಸುರಂಗ ಬಂತು."

ರಾಗ್ನಾ ಉಳಿದ ಕಾಫಿ ಕುಡಿದು ಮುಗಿಸಿದಳು. ಹನ್ನೊಂದು ವರ್ಷ ಜತನದಿಂದ ಹೊತ್ತ ಸಿಟ್ಟನ್ನು ಇಳಿಸಲು ಜಾಗ ತಿಳಿಯಲಿಲ್ಲ. ಕೊನೆಗೆ, "ಆ ಮಾತು ಆಡಬಾರದಿತ್ತು. ತಪ್ಪಾಯ್ತು" ಎಂದಳು. ಹಾಲ್ವರ್ ಕಂದು ಚೀಸಿನ ತಟ್ಟೆಯನ್ನು ಅವಳ ಕಡೆ ತಳ್ಳಿದ.

ಹೊರಡುವಾಗ ಅವಳು ಬಾಗಿಲಲ್ಲಿ ತಿರುಗಿ ಕೇಳಿದಳು. "ಕೈ ಹೋಯ್ತು, ಸರಿ. ಗಂಟಲಿಗೇನಾಗಿದೆ?"

"ಏನೂ ಆಗಿಲ್ಲ. ಕುರಿಗಳನ್ನು ಕೇಳು ಬೇಕಾದ್ರೆ."

"ಹಾಗಾದ್ರೆ ನಾಳೆ ಹತ್ತಕ್ಕೆ ಬರ್ತೀನಿ. ಮುಂದೆ ನಿಂತು ಹಾಡು ಎತ್ತಿಕೊಡು. ಆ ಯಂತ್ರ ನಮ್ಮ ಪ್ರಾಣ ತಿಂತಿದೆ."

"ಜನ ಏನಂತಾರೆ?"

"ಒಂಬತ್ತು ಜನ ಇದ್ದೀವಿ. ಅದರಲ್ಲಿ ಮೂವರಿಗೆ ಕಿವಿ ಕೇಳಲ್ಲ."

ಮರುದಿನ ಅವಳು ಹಾರ್ನ್ ಹೊಡೆದಳು. ಕಿಟಕಿಯ ಪರದೆ ಅಲುಗಿತು, ಬಾಗಿಲು ತೆರೆಯಲಿಲ್ಲ. ಮುಂದಿನ ಭಾನುವಾರವೂ ಅಷ್ಟೇ. ರಾಗ್ನಾ ಮೆಟ್ಟಿಲ ಮೇಲೆ ವಾಫಲ್ ಪೊಟ್ಟಣ ಇಟ್ಟು, "ಒಣಗೋ ಮುಂಚೆ ತಿನ್ನು, ಮೊಂಡ!" ಎಂದು ಕೂಗಿ ಹೋದಳು. ಮೂರನೆಯ ಭಾನುವಾರ ಅವನು ಕರಿ ಕೋಟು ತೊಟ್ಟು ಗೇಟಿನ ಬಳಿ ನಿಂತಿದ್ದ.

"ಹಾರ್ನ್ ಹೊಡೀಬೇಡ ಮಾರಾಯ್ತಿ, ಕುರಿಗಳು ಬೆದರ್ತವೆ."

ಚರ್ಚಿನಲ್ಲಿ ಇಂಗ್ವಿಲ್ ಗುಂಡಿಗೆ ಕೈ ಹಾಕುವ ಮೊದಲೇ ರಾಗ್ನಾ ಯಂತ್ರದ ವೈರು ಕಿತ್ತಳು. ಹಾಲ್ವರ್ ಎರಡೂ ಕೈಗಳನ್ನು ಕೋಟಿನ ಜೇಬಿನೊಳಗೆ ಅದುಮಿಕೊಂಡು ಎದ್ದು ನಿಂತು ಮೊದಲ ಸಾಲು ಎತ್ತಿದ. ಒರಟು, ತಗ್ಗು ದನಿ. ಸಾಲು ಮುಗಿದಲ್ಲಿ ನಿಂತ, ಎಲ್ಲರೂ ಉಸಿರು ತೆಗೆದುಕೊಳ್ಳುವವರೆಗೆ ಕಾದ. ಎರಡನೆಯ ಚರಣಕ್ಕೆ ಕಿವಿ ಕೇಳದವರೂ ಅವನ ತುಟಿ ನೋಡಿಕೊಂಡು ಸೇರಿದರು. ಅಂದು ಕ್ಷಮೆಯ ಸಾಲು ಬಂದಾಗ ರಾಗ್ನಾ ಕುಳಿತಲ್ಲಿಂದ ಏಳಲಿಲ್ಲ.

ಆರಾಧನೆ ಮುಗಿದ ಮೇಲೆ ಹಾಲ್ವರ್ ಒಬ್ಬನೇ ಟೋರ್ಲೈವ್‌ನ ಸಮಾಧಿಯ ಕಡೆ ಹೋದ. ರಾಗ್ನಾ ಗೇಟಿನಲ್ಲೇ ನಿಂತಳು. ಅವನು ಅಲ್ಲಿ ಏನು ಹೇಳಿದನೋ, ಅವಳು ಇವತ್ತಿಗೂ ಕೇಳಿಲ್ಲ.

ಸುದ್ದಿ ಹಳೆಯ ರಸ್ತೆಯ ಮನೆಗಳಿಗೆ ಹಬ್ಬಿತು. ಸುರಂಗ ಬಂದ ಮೇಲೆ ಬಸ್ಸೂ ತಪ್ಪಿಹೋಗಿದ್ದ ಆ ದಾರಿಯಲ್ಲಿ, ಕಾರಿನಲ್ಲಿ ಜಾಗವಿದೆಯಾ ಎಂದು ಕೇಳುವವರು ಹುಟ್ಟಿಕೊಂಡರು. ಈಸ್ಟರ್ ಹೊತ್ತಿಗೆ ಬೆಂಚುಗಳಲ್ಲಿ ಇಪ್ಪತ್ತಾರು ಜನ ಇದ್ದರು.

ಮೇ ತಿಂಗಳಲ್ಲಿ ಸುರಂಗ ತೆರೆಯಿತು. ಚರ್ಚಿನಲ್ಲಿ ಆ ಖುಷಿಗೆ ಕೇಕು ಕತ್ತರಿಸುವಾಗ ಇಂಗ್ವಿಲ್ ನಗುತ್ತ, "ರಾಗ್ನಾ, ಅಂತೂ ನಿಮ್ಮ ಪ್ರಾರ್ಥನೆ ಫಲಿಸ್ತು" ಎಂದಳು.

"ದಿನಾ ಬೇಡ್ತಿದ್ದೆ, ನಿಜ," ಎಂದಳು ರಾಗ್ನಾ. "ನಾನು ಕೇಳಿದ ತಕ್ಷಣ ತೆರೆದುಬಿಟ್ಟಿದ್ದರೆ ನನ್ನ ಗತಿ ಏನಾಗ್ತಿತ್ತು ಅಂತ ಈಗ ಹೆದರಿಕೆ ಆಗುತ್ತೆ."

ವಾರದ ದಿನಗಳಲ್ಲಿ ಅವಳು ಸುರಂಗದಲ್ಲೇ ಓಡಾಡಿದಳು, ಭಾನುವಾರ ಮಾತ್ರ ಹಳೆಯ ರಸ್ತೆ ಬಿಡಲಿಲ್ಲ. ಸುರಂಗ ತೆರೆದ ಮೇಲಿನ ಮೊದಲ ಭಾನುವಾರ ದಾರಿಯುದ್ದಕ್ಕೂ ಬರ್ಚ್ ಮರಗಳು ಚಿಗುರಿದ್ದವು. ಹಿಂದಿನ ಸೀಟಿನಲ್ಲಿ ಇಬ್ಬರು ಮುದುಕಿಯರು ಒತ್ತಿಕೊಂಡು ಕುಳಿತಿದ್ದರು. ಮುಂದೆ ಹಾಲ್ವರ್ ಅಂದಿನ ಹಾಡನ್ನು ಗುನುಗುತ್ತ ಶ್ರುತಿ ಹುಡುಕುತ್ತಿದ್ದ.

"ಸ್ವಲ್ಪ ಕೆಳಗೆ ಹಿಡಿ. ಮೇಲಿನ ಸ್ವರ ನನಗೆ ಹತ್ತಲ್ಲ" ಎಂದಳು ರಾಗ್ನಾ.

"ನಿನಗೆ ಯಾವತ್ತು ಹತ್ತಿತ್ತು?" ಎಂದ ಅವನು. ಆದರೂ ಕೆಳಗೆ ಹಿಡಿದ.