ಹಲಗೆಯ ಮೇಲೆ ಹುಲಿಗೆವ್ವ

ನನ್ನ ನೆಗೆಣ್ಣಿ ಹುಲಿಗೆವ್ವನಿಗೆ ಕಿವಿ ಕೇಳಿಸುವುದಿಲ್ಲ. ಹಾಗಂತ ನಮ್ಮೂರು ಬೆಂಗೇರಿಯಲ್ಲಿ ಯಾರು ಏನು ಅಂದರೂ ಆಕೆಗೆ ಗೊತ್ತಾಗದೆ ಉಳಿಯುವುದಿಲ್ಲ.

ಅದು ಹತ್ತಿ ಗಿರಣಿ ಕಲಿಸಿದ ವಿದ್ಯೆ. ನಾವಿಬ್ಬರೂ ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು, ಒಂದೇ ಗಿರಣಿಗೆ ಹೋದವರು. ಒಳಗೆ ಕಾಲಿಟ್ಟರೆ ಮಷಿನ್ನುಗಳ ಗದ್ದಲ ಎಷ್ಟೆಂದರೆ, ಪಕ್ಕದಲ್ಲಿ ನಿಂತವಳು ಗಂಟಲು ಹರಿಯುವಂತೆ ಕೂಗಿದರೂ ಕೇಳುತ್ತಿರಲಿಲ್ಲ. ಹೀಗಾಗಿ ಅಲ್ಲಿನ ಹೆಂಗಸರೆಲ್ಲ ತುಟಿ ನೋಡಿ ಮಾತು ತಿಳಿಯುತ್ತಿದ್ದೆವು, ಕೈಯಲ್ಲಿ ಉತ್ತರ ಕೊಡುತ್ತಿದ್ದೆವು. ಹೆಬ್ಬೆರಳು ಬಾಯಿಗೆ ಹೋದರೆ ನೀರು. ಮೂಗಿನ ಕೆಳಗೆ ಬೆರಳು ತಿರುವಿದರೆ, ನಮ್ಮ ಕೆಲಸದ ಮೇಲೆ ಕಣ್ಣಿಡುವ ಮೀಸೆಯ ಮುಕಾದಮ ಬಂದ ಅಂತ ಅರ್ಥ. ಅವನು ಬೈಯಲು ಬಾಯಿ ತೆರೆದರೆ ಎಲ್ಲರೂ ಮಷಿನ್ನಿನ ಕಡೆ ಮುಖ ಮಾಡಿಬಿಡುತ್ತಿದ್ದೆವು. ಅವನ ತುಟಿ ಕಾಣದಿದ್ದರೆ ಅವನು ಬೈದದ್ದು ನಮಗೆ ತಾಗುತ್ತಲೇ ಇರಲಿಲ್ಲ. ಪಾಪ, ಕೂಗಿ ಕೂಗಿ ಹೋಗುತ್ತಿದ್ದ.

ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು. ನನ್ನ ಕಿವಿ ಅರ್ಧ ಉಳಿಯಿತು. ಮಷಿನ್ನಿನ ಬುಡದಲ್ಲೇ ನಿಲ್ಲುತ್ತಿದ್ದ ಹುಲಿಗೆವ್ವನದು ಪೂರಾ ಹೋಯಿತು. ಮಾತಾಡುತ್ತಾಳೆ. ಆದರೆ ತನ್ನ ದನಿ ತನಗೇ ಕೇಳದ್ದರಿಂದ, ಆಕೆ ಮೆಲ್ಲಗೆ ಅಂದದ್ದೂ ಓಣಿಯ ತುದಿಗೆ ಮುಟ್ಟುತ್ತದೆ. ಗಿರಣಿ ಹೋದ ಮೇಲೆ ನಮ್ಮ ಓಣಿಯ ಮಂಗಲ ಕಾರ್ಯಾಲಯದಲ್ಲಿ ಕೆಲಸ ಹಿಡಿದೆವು. ಮದುವೆ ಮುಗಿದ ಮರುದಿನ ಹೋಗಿ ಊಟದ ಎಲೆ ಎತ್ತುವುದು, ಸ್ಟೇಜಿನ ಮೇಲೆ ಬಿದ್ದ ಅಕ್ಷತೆ ಗುಡಿಸುವುದು.

ಹೋದ ಚಳಿಗಾಲದಲ್ಲಿ ಆಕೆಯ ಗಂಡ ಶಿದ್ದಪ್ಪ ತೀರಿಕೊಂಡ. ನನ್ನ ಗಂಡ ಅದಕ್ಕೂ ಬಹಳ ಮೊದಲೇ ಹೋಗಿದ್ದ. ಆಗ ನನ್ನನ್ನು ವರ್ಷವಿಡೀ ಮೂಲೆಯಲ್ಲಿ ಕೂರಿಸಿದ್ದರು. ಆ ಮೂಲೆಯ ಸುಣ್ಣ ಎಲ್ಲೆಲ್ಲಿ ಉದುರಿತ್ತು, ಯಾವ ಬಿರುಕಿನಿಂದ ಇರುವೆ ಬರುತ್ತಿದ್ದವು ಎಂಬುದನ್ನು ಈಗ ಕೇಳಿದರೂ ಹೇಳಬಲ್ಲೆ. ಹುಲಿಗೆವ್ವನಿಗೂ ಬಂಧುಗಳು ಅದನ್ನೇ ಹೇಳಿದರು, ವರ್ಷ ತುಂಬುವ ತನಕ ಕೂತಿರು ಅಂತ. ಕಾರ್ಯಾಲಯದವರು ಮಾತ್ರ ಕಸಕ್ಕೆ ಹೇಳಿಕಳಿಸುತ್ತಿದ್ದರು. ಉಳಿದ ದಿನ ಮೂಲೆ. ಕೂತು ಕೂತು ಕಾಲು ಬಾತುಕೊಂಡವು, ಸಕ್ಕರೆ ಏರಿತು. ವಿದ್ಯಾನಗರದ ಲೇಡಿ ಡಾಕ್ಟರು ಕಾಲನ್ನು ಒತ್ತಿ ನೋಡಿದರು. ಬೆರಳು ಒತ್ತಿದಲ್ಲಿ ತಗ್ಗು ಬಿದ್ದು ಹಾಗೇ ಉಳಿಯಿತು.

"ಅಜ್ಜಿ, ಹಿಂಗ ಕುಂತ್ರ ಈ ಕಾಲು ನಿಮ್ಮನ್ನ ಹೊರೂದಿಲ್ಲ. ದಿನಾ ಮೈ ಬೆವರೂ ಹಂಗ ವ್ಯಾಯಾಮ ಮಾಡ್ರಿ," ಎಂದರು.

"ಕುಂಡ್ರು ಅಂದವರು ನನ್ನ ಹೊತಗೊಂಡು ತಿರಗತಾರೇನ್ರಿ?" ಎಂದು ಹುಲಿಗೆವ್ವ ಕೇಳಿದಳು. ಹೊರಗೆ ಸಾಲಿನಲ್ಲಿ ಕೂತ ರೋಗಿಗಳೆಲ್ಲ ನಕ್ಕರು.

ಆಕೆಗೆ ಹೊಂದುವ ಕ್ಲಾಸು ಹುಡುಕುವುದು ಸುಲಭವಾಗಲಿಲ್ಲ. ಮೊದಲು ಯೋಗಕ್ಕೆ ಹೋದೆವು. ಕಣ್ಣು ಮುಚ್ಚಿ ಅಂಗಾತ ಮಲಗಲು ಹೇಳಿದರು. ಕಣ್ಣು ಮುಚ್ಚಿದರೆ ಹುಲಿಗೆವ್ವನಿಗೆ ಲೋಕವೇ ಬಂದ್. ಏಳಿ ಎಂದದ್ದು ಆಕೆಗೆ ಹೇಗೆ ತಿಳಿಯಬೇಕು? ತಿಳಿಸಬೇಕಾದ ನಾನು ಗೊರಕೆ ಹೊಡೆಯುತ್ತಿದ್ದೆ. ಎಲ್ಲರೂ ಚಾಪೆ ಸುತ್ತಿಕೊಂಡು ಮನೆಗೆ ಹೋದರೂ ನಾವಿಬ್ಬರು ಮಲಗಿಯೇ ಇದ್ದೆವು. ಯೋಗದ ಮಾಸ್ತರ ಬಂದು ಭುಜ ಅಲುಗಿಸಿದಾಗ ಆಕೆ ಧಡಕ್ಕನೆ ಎದ್ದು, "ಹೆಣದಾಂಗ ಮಲಗೂದು ಮುಂದ ಇದ್ದ ಐತೆಲ್ರಿ, ಅದನ್ನ ಈಗಿಂದನ ಕಲೀಬೇಕೇನು?" ಎಂದಳು.

ಆಮೇಲೆ ಒಂದು ಜಿಮ್ಮು ನೋಡಿದೆವು. ಅಲ್ಲಿ ಹುಡುಗರು ಹುಡುಗಿಯರು ಕಿವಿಯಲ್ಲಿ ಬೀಜದಂಥದ್ದು ಸಿಕ್ಕಿಸಿಕೊಂಡು, ಒಬ್ಬೊಬ್ಬರೂ ತಮ್ಮತಮ್ಮ ಹಾಡು ಕೇಳುತ್ತ ಓಡುತ್ತಿದ್ದರು. ಎಷ್ಟು ಓಡಿದರೂ ಇದ್ದಲ್ಲೇ ಇದ್ದರು. "ಇವರೂ ನನ್ನಂಗ ಕಿವುಡರು, ನಡಿ ಯಕ್ಕಾ," ಎಂದು ಹೊರಗೆ ಬಂದಳು.

ಕಡೆಗೆ ಸಿಕ್ಕಿದ್ದು ನಮ್ಮ ಓಣಿಯಲ್ಲೇ. ನಾವು ಕಸ ಹೊಡೆಯುವ ಕಾರ್ಯಾಲಯದಲ್ಲೇ ಮದುವೆ ಇಲ್ಲದ ಸಂಜೆಗಳಲ್ಲಿ ಗೀತಾಂಜಲಿ ಎಂಬ ಹುಡುಗಿ ಹೆಂಗಸರಿಗಾಗಿ ಹಾಡು ಹಚ್ಚಿ ಕುಣಿಸುವ ಫಿಟ್‌ನೆಸ್ ಕ್ಲಾಸು ಶುರು ಮಾಡಿದಳು. ಮೊದಲ ಸಂಜೆ ನಾವು ಕೆಳಗೆ, ಹಿಂದಿನ ಸಾಲಿನಲ್ಲಿ ನಿಂತೆವು. ಅದು ಫರಸಿಕಲ್ಲಿನ ನೆಲ. ಹುಲಿಗೆವ್ವನ ಕಾಲಿಗೆ ಏನೂ ಹತ್ತಲಿಲ್ಲ. ಎಲ್ಲರೂ ಬಲಕ್ಕೆ ಹೋದರೆ ಈಕೆ ಎಡಕ್ಕೆ. ಹುಡುಗಿಯರು ನಕ್ಕರು. ನೀರು ಕುಡಿಯಲು ಬಿಟ್ಟಾಗ ಆಕೆ ಸ್ಟೇಜಿನ ಅಂಚಿಗೆ ಒರಗಿದಳು. ಸ್ಟೇಜು ಕಟ್ಟಿಗೆಯ ಹಲಗೆಯದು. ಸ್ಪೀಕರಿನ ಪೆಟ್ಟಿಗೆ ಅದರ ಮೇಲೆಯೇ ಇತ್ತು. ಗೀತಾಂಜಲಿ ಮತ್ತೆ ಹಾಡು ಹಚ್ಚಿದಳು. ಹುಲಿಗೆವ್ವ ಹಲಗೆಯ ಮೇಲೆ ಅಂಗೈ ಊರಿ ಸುಮ್ಮನೆ ನಿಂತಳು. ಆಮೇಲೆ ಮೆಟ್ಟಿಲು ಹತ್ತಿ, ಪೆಟ್ಟಿಗೆಯ ಪಕ್ಕ ಬರಿಗಾಲಲ್ಲಿ ನಿಂತು ಕುಣಿದಳು. ಒಂದು ಹೆಜ್ಜೆಯೂ ತಪ್ಪಲಿಲ್ಲ.

ನನ್ನ ಕಡೆ ನೋಡಿ ಗಿರಣಿಯ ಭಾಷೆಯಲ್ಲಿ ಕೈ ಮಾಡಿದಳು. ಮೊದಲು ಅಂಗಾಲು ತೋರಿಸಿದಳು, ಆಮೇಲೆ ಎದೆ ತಟ್ಟಿಕೊಂಡಳು. ಕಾಲಿನಿಂದ ಬರುತ್ತಿದೆ, ಇಲ್ಲಿಗೆ ಮುಟ್ಟುತ್ತಿದೆ ಅಂತ. ಗಿರಣಿ ನಿಂತ ಮೇಲೆ ಆಕೆಯ ಮೈಗೆ ಸದ್ದು ತಾಗಿದ್ದು ಅದೇ ಮೊದಲು.

ಅಂದಿನಿಂದ ಅದೇ ಆಕೆಯ ಜಾಗ. ಬಾವು ಇಳಿಯಿತು. ಬಿಗಿಯಾಗುತ್ತಿದ್ದ ಚಪ್ಪಲಿ ಸಡಿಲವಾಗಿ ಪಟಪಟ ಅನ್ನತೊಡಗಿತು.

ಕ್ಲಾಸಿಗೆ ಕಾಶೀಬಾಯಿಯವರೂ ಬರುತ್ತಿದ್ದರು. ಕಾರ್ಯಾಲಯದ ಕಮಿಟಿ ಅಧ್ಯಕ್ಷರಾದ ಬಾಳಕೃಷ್ಣರಾಯರ ಹೆಂಡತಿ, ಸೊಂಟನೋವಿನವರು. ಒಂದು ಸಂಜೆ ಅವರು ಕೊನೆಯ ಸಾಲಿನಲ್ಲಿ, ಹಾಡಿನ ಗದ್ದಲದಲ್ಲಿ ಯಾರಿಗೆ ಕೇಳೀತು ಎಂಬ ಧೈರ್ಯದಿಂದ, ಪಕ್ಕದವಳ ಕಿವಿಗೆ ಬಾಗಿ ಏನೋ ಅಂದರು. ಸ್ಟೇಜಿನ ಮೇಲಿಂದ ಹುಲಿಗೆವ್ವ ಕುಣಿಯುತ್ತಲೇ ಉತ್ತರ ಕೊಟ್ಟಳು:

"ಹೌದ್ರಿ ಕಾಶೀಬಾಯಾರ, ಗಂಡ ಸತ್ತು ವರ್ಷ ತುಂಬಿಲ್ಲ, ಖರೇ ಐತಿ! ಸತ್ತಾಂವ ನನ್ನ ಗಂಡ್ರಿ, ನನ್ನ ಕಾಲಲ್ಲ!"

ಕ್ಲಾಸಿಗೆ ಕ್ಲಾಸೇ ನೆಲ ಹಿಡಿದು ನಕ್ಕಿತು. ಕಾಶೀಬಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಮುಂದೆ ಪಿಸುಗುಟ್ಟುವಾಗಲೆಲ್ಲ ಹಾಗೇ ಹಿಡಿಯುತ್ತಿದ್ದರು.

ಮರುದಿನ ರಾಯರೇ ಬಂದರು. "ಗೀತಾಂಜಲಿ, ಸೌಂಡ್ ಭಾಳ ಆಗೇದ, ಕಡಿಮಿ ಮಾಡವಾ. ಮತ್ತ ಹುಲಿಗೆವ್ವಾ, ನೀ ಕೆಳಗ ನಿಂತು ಮಾಡು. ನಿನಗ ಯಾರೂ ಬ್ಯಾಡ ಅನ್ಲಿಕ್ಕೆ ಹತ್ತಿಲ್ಲ. ಆದರ ಈ ಸ್ಟೇಜಿನ ಮ್ಯಾಲೆ ವಧೂ-ವರ ಕೂಡ್ತಾರ, ಮಂಗಲಕಾರ್ಯ ಆಗ್ತಾವ. ನಿಂದಿನ್ನೂ ದುಃಖದ ವರ್ಷ."

ಹುಲಿಗೆವ್ವ ಅವರ ತುಟಿಯನ್ನೇ ನೋಡುತ್ತಿದ್ದಳು. "ರಾಯರ, ಮೊನ್ನಿ ಇಲ್ಲೆ ಮದುವಿ ಆತಲ್ರಿ. ಅದರ ಅಕ್ಷತಿ ಗುಡಿಸಿದಾಕಿ ಯಾರು?"

"ಅದು ಕೆಲಸ."

"ಕಸಬರಗಿ ಕೈಯಾಗ ಇದ್ದಾಗ ನಾ ಗಂಡಸತ್ತಾಕಿ ಅಲ್ಲೇನ್ರಿ? ಕೆಳಗ ಇಟ್ಟಕೂಡ್ಲೆ ಆಗತೇನಿ?"

ರಾಯರು ಛಾವಣಿ ನೋಡಿದರು. "ವಾದ ಬ್ಯಾಡ. ನಾಳಿಂದ ಕೆಳಗ. ಇಲ್ಲಾಂದ್ರ ಕ್ಲಾಸ್ ಬಂದ್."

ಗೀತಾಂಜಲಿಯ ಮುಖ ಸಣ್ಣದಾಯಿತು. "ಅಜ್ಜಿ, ಸ್ವಲ್ಪ ದಿನ ಕೆಳಗ ನಿಂದರ್ರಿ. ನನಗ ಬ್ಯಾರೆ ಎಲ್ಲೂ ಜಾಗಾ ಸಿಕ್ಕಿಲ್ರಿ," ಎಂದು ಕೈ ಮುಗಿದಳು.

"ಕೆಳಗ ನನಗೇನು ಕೇಳತೈತೆವಾ? ಕೆಳಗ ನಿಲ್ಲೂದು ಅಂದ್ರ ಮತ್ತ ಮೂಲಿಗೆ ಹೋಗಿ ಕುಂಡ್ರೂದು."

ಮರುದಿನ ಸಂಜೆ ರಾಯರು ಮುಂದೆಯೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಹಾಡು ಪಕ್ಕದ ಮನೆಯ ರೇಡಿಯೋದ ಹಾಗೆ ಸಣ್ಣಗೆ ಕೇಳುತ್ತಿತ್ತು. ಹುಲಿಗೆವ್ವ ಬಂದವಳೇ ಚಪ್ಪಲಿ ಬಿಟ್ಟು ಸ್ಟೇಜು ಹತ್ತಿದಳು. ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿ, ನನ್ನತ್ತ ತಿರುಗಿ ತಲೆ ಅಲ್ಲಾಡಿಸಿದಳು. ಏನೂ ಇಲ್ಲ. ಗೀತಾಂಜಲಿ ಕೈ ಕಟ್ಟಿಕೊಂಡು ನಿಂತಿದ್ದಳು.

ನನಗೆ ಆ ಮೂಲೆಯ ಉದುರಿದ ಸುಣ್ಣ ನೆನಪಾಯಿತು. ನಾನೂ ಸ್ಟೇಜು ಹತ್ತಿದೆ. ಪೆಟ್ಟಿಗೆಯ ಗುಂಡಿಯನ್ನು ಅದು ತಿರುಗುವಷ್ಟೂ ತಿರುಗಿಸಿದೆ. ಹಲಗೆ ಗದಗದ ನಡುಗಿತು, ಮೇಲಿನ ತೊಲೆಯ ಪಾರಿವಾಳಗಳು ಎದ್ದು ಹಾರಿದವು.

ರಾಯರು ಎದ್ದು ನಿಂತು ಕೂಗತೊಡಗಿದರು. ಹುಲಿಗೆವ್ವ ಒಂದು ಕ್ಷಣ ಅವರ ತುಟಿ ನೋಡಿದಳು. ಆಮೇಲೆ, ಗಿರಣಿಯಲ್ಲಿ ಮಷಿನ್ನಿನ ಕಡೆ ತಿರುಗುತ್ತಿದ್ದ ಹಾಗೆಯೇ, ಅವರಿಗೆ ಬೆನ್ನು ಮಾಡಿ ಕುಣಿಯತೊಡಗಿದಳು. ರಾಯರು ಆ ಬೆನ್ನಿಗೆ ಕೂಗಿದರು, ಬೆರಳು ಆಡಿಸಿದರು. ಬೆನ್ನು ಕುಣಿಯಿತು. ತಮ್ಮ ಮಾತು ತಲುಪಬೇಕೆಂದರೆ ಅವರು ಸ್ಟೇಜು ಹತ್ತಿ, ಕುಣಿಯುವ ಮುದುಕಿಯ ಎದುರು ಬಂದು ನಿಲ್ಲಬೇಕಿತ್ತು. ಅದು ಅವರಿಂದಾಗಲಿಲ್ಲ. ಗೀತಾಂಜಲಿ ಅವರನ್ನೊಮ್ಮೆ ನೋಡಿದಳು, ಆ ಬೆನ್ನನ್ನೊಮ್ಮೆ ನೋಡಿದಳು. ಕಟ್ಟಿದ್ದ ಕೈ ಬಿಚ್ಚಿ ಚಪ್ಪಾಳೆ ಹಾಕಿದಳು. ಸಾಲುಗಳು ಅಲುಗಿದವು.

ರಾಯರು ಸಿಟ್ಟಿನಿಂದ ಗೋಡೆಯ ಸ್ವಿಚ್ಚಿನ ಕಡೆ ನಡೆದರು. ಆಗ ಹಿಂದಿನ ಸಾಲಿನಿಂದ ಕಾಶೀಬಾಯಿ ಸೊಂಟ ಹಿಡಿದುಕೊಂಡು ಬಂದು ಅಡ್ಡ ನಿಂತರು. ಆ ಗದ್ದಲದಲ್ಲಿ ನನ್ನ ಅರ್ಧ ಕಿವಿಗೆ ಏನೂ ಕೇಳಲಿಲ್ಲ. ಆದರೆ ಅವರು ಸಿಟ್ಟಿನಲ್ಲಿ ಸೆರಗು ಹಿಡಿಯುವುದನ್ನು ಮರೆತಿದ್ದರು. ಅವರ ತುಟಿ ನನಗೆ ಚೆನ್ನಾಗಿ ಕಾಣುತ್ತಿತ್ತು:

"ಸಾಕು ಬಿಡ್ರಿ! ಆಕಿ ಎಲ್ಲೆರೆ ಕುಣೀಲಿ. ಕ್ಲಾಸ್ ಬಂದ್ ಆದ್ರ ನನ್ನ ಸೊಂಟ ಯಾರು ನೋಡ್ತಾರ? ನೀವೇನು ದಿನಾ ಎಣ್ಣಿ ಹಚ್ಚಿ ತಿಕ್ತೀರೇನು?"

ಸ್ವಿಚ್ಚಿಗೆ ಏರಿದ್ದ ಕೈ ಕೆಳಗಿಳಿಯಿತು. ನಾನು ಹುಲಿಗೆವ್ವನ ಎದುರು ಹೋಗಿ, ಸೊಂಟ ಮುಟ್ಟಿ, ಎಣ್ಣೆ ತಿಕ್ಕುವ ಹಾಗೆ ಮಾಡಿ, ನಡೆದದ್ದನ್ನೆಲ್ಲ ಕೈಯಲ್ಲೇ ಹೇಳಿದೆ. ನಕ್ಕು ನಕ್ಕು ಆ ಹಲಗೆಯ ಮೇಲೆ ಮೊದಲ ಸಲ ಆಕೆಯ ಹೆಜ್ಜೆ ತಪ್ಪಿತು.

ಅದಾದ ಮೇಲೆ ಕಾರ್ಯಾಲಯದ ಕಸಕ್ಕೆ ನಮ್ಮನ್ನು ಕರೆಯಲಿಲ್ಲ, ಬೇರೆಯವರನ್ನು ಹಚ್ಚಿದರು. ಹಚ್ಚಲಿ. ನಾವೀಗ ಒಂದು ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತೇವೆ. ಸಂಜೆಯಾದರೆ ಹಿಟ್ಟಿನ ಕೈ ತೊಳೆದುಕೊಂಡು ಕ್ಲಾಸಿಗೆ ಹೊರಡುತ್ತೇವೆ. ಶಿದ್ದಪ್ಪನ ವರ್ಷ ಇನ್ನೂ ತುಂಬಿಲ್ಲ. ರಾಯರು ಈಗಲೂ ಕೆಲವು ಸಂಜೆ ಬಾಗಿಲಿಗೆ ಬಂದು ನಿಲ್ಲುತ್ತಾರೆ, ಏನೋ ಅನ್ನಲು ಬಾಯಿ ತೆರೆಯುತ್ತಾರೆ. ಅವರು ಕಂಡ ಕೂಡಲೇ ನಾನು ಮೂಗಿನ ಕೆಳಗೆ ಬೆರಳು ತಿರುವುತ್ತೇನೆ.

ಹುಲಿಗೆವ್ವ ಬೆನ್ನು ಮಾಡುತ್ತಾಳೆ.