ಎಕ್ಕೆಯ ಗಿಡ ನನ್ನ ಸವತಿ

ನನಗೆ ಎರಡು ಮದುವೆಯಾದವು. ಎರಡನೆಯದಕ್ಕೆ ಹಂದರವಿರಲಿಲ್ಲ, ವಾಲಗವಿರಲಿಲ್ಲ, ಆರತಿ ಎತ್ತಲು ಒಬ್ಬ ಮುತ್ತೈದೆಯೂ ಇರಲಿಲ್ಲ. ಗಂಡ ಸತ್ತವಳು ಮತ್ತೊಬ್ಬನನ್ನು ಕಟ್ಟಿಕೊಂಡರೆ ನಮ್ಮ ಮಂದಿ ಅದನ್ನು ಮದುವೆ ಎನ್ನುತ್ತಿರಲಿಲ್ಲ, ಉಡಿಕೆ ಎನ್ನುತ್ತಿದ್ದರು. ಹೊಸ ಸೀರೆ ಉಡಿಸಿ, ತಾಳಿ ಕಟ್ಟಿಸಿ, ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡರೆ ಮುಗಿಯಿತು. ಬೇರೆಯವರಲ್ಲಿ ಅಷ್ಟೂ ಇಲ್ಲ, ನಾವೇ ವಾಸಿ ಎಂದು ಹಿರಿಯರು ಎದೆಯುಬ್ಬಿಸಿ ಹೇಳುತ್ತಿದ್ದರು. ಎದೆಯುಬ್ಬಿಸುವವರು ಹಿತ್ತಲ ಬಾಗಿಲಿನಿಂದ ಒಮ್ಮೆ ಬಂದು ನೋಡಬೇಕಿತ್ತು.

ಎರಡನೆಯವನು ನನ್ನ ಸೋದರಮಾವನ ಮಗ. ಗಂಡನನ್ನು ‘ಅವರು’ ಎಂದು ಬರೆಯಬೇಕಂತೆ. ಮೂಗು ಸೋರಿಸಿಕೊಂಡು ತಿರುಗುತ್ತಿದ್ದಾಗಿನಿಂದ ನೋಡಿದವಳಿಗೆ ಅದು ಆಗದ ಮಾತು. ನನ್ನ ತವರು ಮಟಕಿ, ಅವನದು ಕರಜಗಿ. ಸುಗ್ಗಿಗೆ ನಮ್ಮೂರಿಗೆ ಬಂದಾಗ ಹಸಿ ಜೋಳದ ತೆನೆ ಸುಟ್ಟು ಸೀತನಿ ಮಾಡಿ, ಬಿಸಿ ಕಾಳನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ನನ್ನ ಉಡಿಗೆ ಹಾಕುತ್ತಿದ್ದ. ನಾನು ಅವನಿಗೇ ಎಂದು ಎರಡೂ ಮನೆಯವರು ಆಡಿಕೊಳ್ಳುತ್ತಿದ್ದರು. ಆದರೆ ಯಾರದೋ ಮದುವೆಯ ಊಟದಲ್ಲಿ ಮಾವನ ಮನೆಯವರು ನನ್ನ ಅಪ್ಪನ ಎಲೆಗೆ ತುಪ್ಪ ಬಡಿಸಲು ಮರೆತರು. ಅಪ್ಪ ಎಲೆ ಬಿಟ್ಟೆದ್ದ. ಆ ವರ್ಷವೇ ನನ್ನನ್ನು ಜೇವರ್ಗಿ ಕಡೆಯ ಕೊಳಕೂರಿಗೆ ಕೊಟ್ಟ. ಒಂದು ಮಿಳ್ಳೆ ತುಪ್ಪಕ್ಕೆ ನನ್ನ ಬಾಳು ಅತ್ತಲಿಂದ ಇತ್ತ ಹೊರಳಿತು.

ಕೊಳಕೂರಿನ ಗಂಡ ಒಳ್ಳೆಯವನು, ಮಾತು ಕಡಿಮೆ. ಊರಿಗೆ ವಾಂತಿಭೇದಿ ಬಂದಾಗ ಬೆಳಿಗ್ಗೆ ಹೊಲಕ್ಕೆ ಹೋದವನು ಮರುದಿನ ಇರಲಿಲ್ಲ. ಆ ವಾರ ಊರಿನಲ್ಲಿ ಮನೆಮನೆಗೂ ಹೆಣ ಬಿದ್ದಿದ್ದವು, ಆದರೂ ಅವನು ಸತ್ತದ್ದು ಮಾತ್ರ ನನ್ನ ಕಾಲ್ಗುಣದಿಂದ. ತವರಿಗೆ ಮರಳಿ ಬಂದೆ. ಶುಭಕಾರ್ಯಕ್ಕೆ ಹೊರಟ ಹೆಂಗಸರು ನಾನು ಎದುರಾದರೆ ತಿರುಗಿ ಮನೆ ಸೇರಿ, ನೀರು ಕುಡಿದು, ಮತ್ತೆ ಹೊರಡುತ್ತಿದ್ದರು.

ಸೋದರಮಾವನ ಮಗ ಅಲ್ಲಿಯವರೆಗೂ ಮದುವೆಯಾಗಿರಲಿಲ್ಲ. ಒಂದು ದಿನ ನಮ್ಮ ಅಂಗಳಕ್ಕೆ ಬಂದು, ಅಪ್ಪ ಕುಳಿತಿರುವಾಗಲೇ ಕೇಳಿದ.

“ಈಗರ ಬರ್ತೀಯೇನು?”

“ನನ್ನ ಕಟ್ಗೊಂಡವ್ರು ಬದುಕೂದಿಲ್ಲಂತ ಮಂದಿ ಅಂತಾರ” ಎಂದೆ.

“ನೋಡೇ ಬಿಡೂಣು” ಎಂದ.

ಅಪ್ಪ ತಲೆ ತಗ್ಗಿಸಿದ. ಬೇಡ ಎನ್ನಲಿಲ್ಲ.

ಗಂಡ ಸತ್ತವಳನ್ನು ಮದುವೆಯಾಗದ ಗಂಡಸು ಕೈಹಿಡಿಯಬೇಕಾದರೆ ನಮ್ಮಲ್ಲೊಂದು ಕಟ್ಟಳೆ. ಅವನು ಮೊದಲು ಎಕ್ಕೆಯ ಗಿಡಕ್ಕೆ ಅರಿಷಿಣ ಹಚ್ಚಿ ತಾಳಿ ಕಟ್ಟಬೇಕು. ಗಿಡ ಮೊದಲ ಹೆಂಡತಿಯಾಗುತ್ತದೆ. ಆಮೇಲೆ ಅದನ್ನು ಬೇರುಸಹಿತ ಕಿತ್ತೆಸೆಯಬೇಕು. ಹೆಂಡತಿ ಸತ್ತಳು, ಅವನೂ ನನ್ನ ಹಾಗೆ ಒಂಟಿಯಾದ, ಇನ್ನು ಅವನ ಜೀವಕ್ಕೆ ಭಯವಿಲ್ಲ ಎಂದು ಲೆಕ್ಕ. ಕರಜಗಿಯಲ್ಲಿ ಅವರ ಕಬ್ಬಿನ ಹೊಲದ ಬದುವಿನ ಮೇಲಿದ್ದ ಎಕ್ಕೆಗೆ ನಸುಕಿನಲ್ಲಿ ತಾಳಿ ಕಟ್ಟಿದ. ಕೀಳುವ ಹೊತ್ತಿಗೆ ತಪ್ಪಾಯಿತು. ಎರೆಭೂಮಿ ಒಣಗಿ ಕಲ್ಲಾಗಿತ್ತು, ಬೇರು ಅಲುಗಲಿಲ್ಲ. ಹೊತ್ತು ಮೂಡುವುದರೊಳಗೆ ಉಡಿಕೆ ಮುಗಿಯಬೇಕೆಂಬ ಅವಸರದಲ್ಲಿ ಹಿರಿಯರು ಕುಡುಗೋಲಿನಿಂದ ಬುಡ ಕೊಯ್ಯಿಸಿ, ಸಾಕು ಬಾ ಎಂದು ಅವನನ್ನು ಕರೆತಂದರು.

ಮೊದಲ ಮಳೆ ಬಿದ್ದ ಮೇಲೆ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದೆ. ಬದುವಿನ ಮೇಲೆ ಆ ಬುಡದಿಂದ ಬೆಳ್ಳಗಿನ ದಪ್ಪ ಎಲೆಗಳು ಎದ್ದಿದ್ದವು. ಬುತ್ತಿ ಅಲ್ಲೇ ಇಳಿಸಿ ಮನೆಗೆ ಓಡಿಬಂದು ಅತ್ತೆಗೆ ಹೇಳಿದೆ.

“ಮದಲಿನಾಕಿ ಸತ್ತಿಲ್ಲ ಬೇ” ಎಂದಳು ಅತ್ತೆ. “ನನ್ನ ಮಗಗ ಕಾವಲಾ ಇಲ್ಲದಂಗ ಆತು. ನಿನ್ನ ಸತ್ತ ಗಂಡ ಬಂದು ಅವನ್ನ ಕರದ್ರ ಏನ್ ಮಾಡ್ಲಿ?”

“ಈಗ ಕಿತ್ತ ಒಗದ್ರ ಆಗೂದಿಲ್ಲೇನ್ ಅತ್ತಿ?”

“ಒಮ್ಮಿ ಆದ ಶಾಸ್ತ್ರ ಮತ್ತ ಮುಟ್ಟಬಾರ್ದು. ಅವನ ಮುಂದ ಬಾಯಿ ಬಿಡಬ್ಯಾಡ.”

ಬಾಯಿ ಬಿಡಲಿಲ್ಲ. ಅಂದಿನಿಂದ ಆ ಬದುವಿನ ಕಡೆಗೆ ಹಾಯಲೂ ಇಲ್ಲ, ಸುತ್ತು ಹಾಕಿಕೊಂಡು ಹಳ್ಳದ ದಾರಿಯಿಂದ ಹೋಗುತ್ತಿದ್ದೆ. ಬೇಕಾದ ಗಂಡ ಸಿಕ್ಕಿದ್ದ, ಹೊಟ್ಟೆಗೆ ಬಟ್ಟೆಗೆ ಕೊರತೆ ಇರಲಿಲ್ಲ. ಆದರೂ ಒಂದು ತುತ್ತು ಸಮಾಧಾನದಿಂದ ಉಂಡಿಲ್ಲ. ಅವನು ಕೆಮ್ಮಿದರೆ ಹೆದರಿಕೆ. ಹೊಳೆಯಲ್ಲಿ ಎತ್ತು ತೊಳೆಯಲು ಹೋಗಿ ತಡ ಮಾಡಿದರೆ ಹೆದರಿಕೆ. ಅವನು ನಕ್ಕರೆ ಇನ್ನೂ ಹೆದರಿಕೆ, ದೇವರು ಎಲ್ಲಿ ಕೇಳಿಸಿಕೊಂಡಾನೋ ಎಂದು. ಅವನು ಹತ್ತಿರ ಬಂದಾಗಲೂ ನಾನು ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡುತ್ತಿದ್ದೆ. ಪ್ರೀತಿಗೆ ಹಾಗೆ ಮುಟ್ಟುತ್ತಾಳೆ ಎಂದು ಅವನು ತಿಳಿದಿದ್ದ.

ಎರಡು ಮಳೆಗಾಲ ಹೀಗೆ ಕಳೆದವು. ಆಮೇಲೊಂದು ಮಧ್ಯಾಹ್ನ ಹೊಲದಿಂದ ಬಂದವನು ಬಾಗಿಲ ಚೌಕಟ್ಟನ್ನು ಕೈಯಿಂದ ತಡಕಾಡಿದ.

“ಮಾಡ ಹಾಕ್ಯದೇನು?” ಎಂದ.

ಮೋಡ ಎಲ್ಲಿಂದ ಬರಬೇಕು, ಸುಡುಸುಡು ಬಿಸಿಲು ಅಂಗಳದ ತುಂಬ ಇತ್ತು. ಅವನ ಕಣ್ಣು ಕೆಂಪಾಗಿದ್ದವು.

“ಏನಾಗ್ಯದ್ರಿ?” ಎಂದೆ. ಅತ್ತೆಯ ಎದುರು ಅವನಿಗೆ ‘ರೀ’ ಹಚ್ಚಿಯೇ ಮಾತನಾಡುತ್ತಿದ್ದೆ.

“ಏನಿಲ್ಲ. ನೋವಿಲ್ಲ. ಮಂಜು ಕವದಂಗ ಆಗ್ಯದ.”

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು ಮಗನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಕಣ್ಣಿಗೆ ಬಾಣಂತಿಯ ಹಾಲು ಬಿಡಬೇಕೆಂದು ನೆರೆಮನೆಗೆ ಹೋದೆ. ಆ ಬಾಣಂತಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ನೀ ಒಳಗ ಬರಬ್ಯಾಡ, ನಿಮ್ಮ ಅತ್ತಿನ್ನ ಕಳಸು” ಎಂದಳು. ಅತ್ತೆಯೇ ಹೋಗಿ ತಂದಳು. ಅದನ್ನು ಬಿಟ್ಟರೂ ಅವನಿಗೆ ಬೆಳಕು ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅವನು ತಂಬಿಗೆ ಎಂದು ಗಾಳಿಗೆ ಕೈ ಹಾಕಿದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಶಾಸ್ತ್ರ ಹಾಳಾಗಿ ಹೋಗಲಿ, ಆ ಗಿಡವನ್ನು ಇವತ್ತು ಬೇರುಸಹಿತ ಕೀಳುತ್ತೇನೆ, ಅದು ಯಾರನ್ನಾದರೂ ಒಯ್ಯಲೇಬೇಕೆಂದರೆ ನನ್ನನ್ನು ಒಯ್ಯಲಿ ಎಂದುಕೊಂಡು ಗುದ್ದಲಿ ಹಿಡಿದು ಹೊರಟೆ. ಬೇಡಿಕೊಳ್ಳಬೇಕೋ ಬೈಯಬೇಕೋ ಗೊತ್ತಾಗದೆ, “ಅಕ್ಕಾ, ಅವನ್ನ ಬಿಡು” ಎಂದು ಗಟ್ಟಿಯಾಗಿ ಹೇಳುತ್ತಲೇ ನಡೆದೆ.

ಅಲ್ಲಿ ಗಿಡವೇ ಇರಲಿಲ್ಲ. ಗೇಣುದ್ದದ ಮೋಟಿತ್ತು. ಹೊಸದಾಗಿ ಕೊಯ್ದ ಬಾಯಿಯಲ್ಲಿ ಹಾಲು ಒಣಗಿ ಬೆಳ್ಳಗಾಗಿತ್ತು. ಅದರ ಕೆಳಗೆ ಹಳೆಯ ಕೊಯ್ತದ ಗಾಯಗಳು, ಒಂದರ ಕೆಳಗೊಂದು, ಕಪ್ಪಾಗಿ ಜಡ್ಡುಗಟ್ಟಿದ್ದವು. ಸುತ್ತಲಿನ ಮಣ್ಣನ್ನು ಯಾರೋ ಎಷ್ಟೋ ಸಲ ಅಗೆದಿದ್ದರು. ಪಕ್ಕದಲ್ಲಿ ನಮ್ಮ ಮನೆಯ ಕುಡುಗೋಲು ಬಿದ್ದಿತ್ತು. ಅದರ ಹಿಡಿಕೆಗೆ ಅರಿವೆ ಸುತ್ತಿದವಳು ನಾನೇ.

ಎಕ್ಕೆಯ ಹಾಲು ಕಣ್ಣಿಗೆ ಕೆಟ್ಟದ್ದು ಎಂಬುದು ನಮ್ಮ ಕಡೆಯ ಹಸುಗೂಸಿಗೂ ಗೊತ್ತು. ಸಿಟ್ಟು ನೆತ್ತಿಗೇರಿತು. ಮನೆಗೆ ಹೋಗಿ ಅತ್ತೆಯ ಮುಂದೆಯೇ ಕೂಗಿದೆ.

“ಲೇ! ಎಕ್ಕಿ ಹಾಲ ಕಣ್ಣಾಗ ಹಾಕ್ಕೊಂಡೀಯಲ್ಲ?”

ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅವನು ಮುಖ ನನ್ನ ದನಿಯ ಕಡೆಗೆ ತಿರುಗಿಸಿದ.

“ಬೆವರು ಒರಸ್ಕೊಂಡೆ. ಕೈಗಿ ಹತ್ತಿತ್ತು.”

“ಅದನ್ಯಾಕ ಕಡಿಯಾಕ ಹೋಗಿದ್ದಿ?”

“ಚಿಗತಾಗೊಮ್ಮಿ ಕಡಿತೇನಿ. ಅಗದ್ರೂ ಬೇರು ಸಿಗವಲ್ದು” ಎಂದ. “ಗಿಡ ಬದುಕಿದ್ರ ಎರಡನೇದಾಕಿ ಉಳಿಯೂದಿಲ್ಲಂತ ಹಿರ್ಯಾರು ಹೇಳಿದ್ರು. ಒಮ್ಮಿ ನಿನ್ನ ಕಳಕೊಂಡೇನಿ. ಮತ್ತ ಕಳಕೊಳ್ಳಾಕ ನನ್ನ ಕೈಲಿ ಆಗೂದಿಲ್ಲ.”

“ನನಗ ಹೇಳಬಾರದಿತ್ತೇನು?”

“ನೀ ಅಂಜತಿದ್ದಿ.”

ಬಂಡಿ ಕಟ್ಟಿಸಿ ಅಫಜಲಪುರದ ದವಾಖಾನೆಗೆ ಒಯ್ದೆವು. ಡಾಕ್ಟರು ಕಣ್ಣು ತೊಳೆದು, ಮುಲಾಮು ಹಚ್ಚಿ, ಅರಿವೆ ಕಟ್ಟಿದರು. ದೃಷ್ಟಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ಆ ಮೇಲಿನ ದಿನಗಳನ್ನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಮುಲಾಮು ಹಚ್ಚಲು ಅರಿವೆ ಬಿಚ್ಚಿದಾಗೆಲ್ಲ, ಕಾಣುತ್ತದೆಯೇ ಎಂದು ಕೇಳಲು ನಾಲಗೆ ಏಳುತ್ತಿರಲಿಲ್ಲ. ಇಲ್ಲ ಎಂದರೆ?

ಒಂದು ಬೆಳಿಗ್ಗೆ ಹಾಗೆಯೇ ಅರಿವೆ ಬಿಚ್ಚಿ ಬಿಸಿನೀರಿನಿಂದ ಅವನ ರೆಪ್ಪೆ ಒರೆಸುತ್ತಿದ್ದೆ. ಮಟಕಿಯಲ್ಲಿ, ಕೊಳಕೂರಿನಲ್ಲಿ, ಇಲ್ಲಿ ಕರಜಗಿಯಲ್ಲಿ, ಎಲ್ಲರೂ ನನ್ನನ್ನು ಕಂಡು ಹೆದರಿದವರೇ. ನನಗೇನಾದರೂ ಆದೀತು ಎಂದು ಹೆದರಿದವನು ಇವನೊಬ್ಬನೇ ಎಂಬುದು ಆಗ ನನಗೆ ಹೊಳೆಯಿತು. ಅತ್ತೆ ಪಡಸಾಲೆಯಲ್ಲೇ ಇದ್ದಳು. ಅವಳಿಗೆ ಕೇಳಬಾರದೆಂದು ತುಟಿ ಕಚ್ಚಿ ಹಿಡಿದೆ, ಉಸಿರೂ ಬಿಗಿಹಿಡಿದೆ. ನೀರು ಮಾತ್ರ ಕೆನ್ನೆಯ ಮೇಲಿಂದ ಇಳಿಯುತ್ತಿತ್ತು.

ಅವನು ರೆಪ್ಪೆ ಬಡಿದ. ಕೈಯೆತ್ತಿ, ತಡಕಾಡದೆ, ನನ್ನ ಕೆನ್ನೆ ಒರೆಸಿದ.

“ಯಾಕ ಅಳಾಕತ್ತೀದಿ?” ಎಂದ.