ಕಾಲೇಜು ಬಸ್ಸಿನ ಕಾಕಾ

ದುಬೈಯಲ್ಲಿ ನಾನು ಎರಡು ವರ್ಷ ಓದಿದ ಸಣ್ಣ ಕಾಲೇಜಿನ ಬಸ್ಸನ್ನು ಓಡಿಸುತ್ತಿದ್ದವರು ಪುತ್ತೂರು ಕಡೆಯ ಒಬ್ಬ ಬ್ಯಾರಿ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಸಂಜೆ ಅಲ್ ಕೂಜ್ ದಾಟುವಷ್ಟರಲ್ಲಿ ಬೇರೆಯವರೆಲ್ಲ ಇಳಿದು ಬಸ್ಸಿನಲ್ಲಿ ನಾನೊಬ್ಬಳೇ ಇರುತ್ತಿದ್ದೆ. ಆಗ ಅವರು ರೇಡಿಯೋ ಆರಿಸಿ, ಕನ್ನಡಿಯಲ್ಲಿ ನನ್ನನ್ನು ನೋಡಿ, "ಇವತ್ತು ಎಂತ ಕಲಿತದ್ದು ಮಗಳೇ?" ಎಂದು ಕೇಳುತ್ತಿದ್ದರು. ನಾನು ಹೇಳಿದ್ದು ಅರ್ಥವಾಗದಿದ್ದರೆ ಸಿಗ್ನಲ್ಲಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, "ಇನ್ನೊಮ್ಮೆ ಹೇಳು" ಎನ್ನುತ್ತಿದ್ದರು.

ಆ ಕಾಲೇಜಿನಲ್ಲಿ ಇದ್ದದ್ದು ಎರಡೇ ವರ್ಷದ ಪಾಠ; ಮೂರನೆಯ ವರ್ಷಕ್ಕೆ ನಾನು ಅಬುಧಾಬಿಯ ವಿಶ್ವವಿದ್ಯಾಲಯಕ್ಕೆ ಸೇರಬೇಕಿತ್ತು. ಅದಕ್ಕೆ ಮೊದಲು ಪದವಿಯ ಮುಖ್ಯ ವಿಷಯ ಯಾವುದೆಂದು ಅರ್ಜಿಯಲ್ಲಿ ಬರೆದುಕೊಡಬೇಕಿತ್ತು. ಕೆಲಸ ಬೇಗ ಸಿಗುತ್ತದೆಂದು ಅಪ್ಪ ಬಿಸಿನೆಸ್ ಎಂದಿದ್ದರು. ನನಗೆ ರಸಾಯನಶಾಸ್ತ್ರ ಬಿಡಲು ಮನಸ್ಸಿರಲಿಲ್ಲ. ಯಾವುದು ಸರಿ ಎಂದು ಒಂದು ಸಂಜೆ ಕಾಕಾ ಅವರನ್ನೇ ಕೇಳಿದೆ.

ಅವರು ಸಿಗ್ನಲ್ಲಿನಲ್ಲಿ ಬಸ್ಸು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನನಗೆ ಅದೆಲ್ಲ ಗೊತ್ತಿಲ್ಲ ಮಗಳೇ. ಆದ್ರೆ ಸಮುದ್ರದ ನೀರಿನಿಂದ ಉಪ್ಪು ತೆಗೆಯುವುದು ಹೇಗೆ ಅಂತ ನೀನು ಹೇಳಿದ್ದಲ್ಲ, ಅದನ್ನು ನಾನು ನನ್ನ ಜೊತೆ ರೂಮಿನಲ್ಲಿರುವ ಎಲ್ಲರಿಗೂ ಹೇಳಿದ್ದೇನೆ. ಬಿಸಿನೆಸ್ ಕ್ಲಾಸ್ ಇದ್ದ ದಿವಸ ಕೇಳಿದ್ರೆ ನೀನು 'ಎಂತ ಇಲ್ಲ ಕಾಕಾ' ಅಂತ ಮಾತ್ರ ಹೇಳ್ತಿದ್ದಿ."

ಈ ಮಾತನ್ನು ಹಾಗೆಯೇ ಅಪ್ಪನಿಗೆ ಹೇಳಿದೆ. ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ನಾನು ರಸಾಯನಶಾಸ್ತ್ರ ಎಂದು ಬರೆದಿದ್ದ ಅರ್ಜಿಗೆ ಸಹಿ ಹಾಕಿದರು.

ಸುದ್ದಿ ತಿಳಿಸಿದಾಗ ಕಾಕಾ ನಕ್ಕರು. ಸ್ವಲ್ಪ ದೂರ ಹೋದ ಮೇಲೆ ಆ ನಗು ನಿಂತಿತು.

"ನೀನು ಅಬುಧಾಬಿಗೆ ಹೋದ್ರೆ, ಉಳಿದ ಪಾಠ ನನಗೆ ಯಾರು ಹೇಳುವುದು?" ಎಂದು ಕೇಳಿದರು.